ಆರರ ಮೇಲೆ ನಿಂತ ಮುಳ್ಳು

ಫೆಬ್ರುವರಿ 3, ಸೋಮವಾರ

ಮಹಾಜನಗಳೇ! ಚಾಪೆಯ ಮೇಲೆ ಕುಳಿತವರೇ, ಕುರ್ಚಿಯ ಮೇಲೆ ಕುಳಿತವರೇ, ಟಿಕೀಟು ತೆಗೆಯದೆ ತಗಡಿನ ಸಂದಿಯಲ್ಲಿ ಕಣ್ಣಿಟ್ಟು ನಿಂತವರೇ! ಅಳುವ ಕೂಸುಗಳನ್ನು ಹೊರಗೆ ಒಯ್ಯಿರಿ, ಬೀಡಿ ಆರಿಸಿರಿ. ಮೂರನೆಯ ಗಂಟೆ ಬಾರಿಸಿದೆ, ಪರದೆ ಸರಿಯುತ್ತಿದೆ. ಇದೋ ಬಂದ, ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ರಾಕ್ಷಸನಾಗಿ ಗರ್ಜಿಸಿದವನು, ಇಳಕಲ್ಲಿನ ಮಜೀದ. ಸದ್ಯ ಮುಕ್ಕಾಂ ಕುರ್ಲಾ, ಬಿಲ್ಡಿಂಗ್ ನಂಬರ್ ನಾಲ್ಕು, ಮೂರನೇ ಮಜಲು.

ಈ ಪುಸ್ತಕದ ಮುಂದೆ ಯಾರೂ ಕುಳಿತಿಲ್ಲವೆಂದು ನನಗೆ ಗೊತ್ತಿದೆ. ಆದರೂ ಜನರನ್ನು ಕರೆಯದೆ ಮಾತು ಶುರು ಮಾಡುವುದು ನನ್ನಿಂದಾಗದು. ಇದು ಚಿನ್ನದಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ರಜಿಯಾ ತಂದು ನನ್ನ ಮುಂದೆ ಬಡಿದಳು. ಮನೆಯಲ್ಲಿ ನಾವು ದಖನಿ ಆಡುವವರು. ನನ್ನ ಹೆಂಡತಿ ಕನ್ನಡಕ್ಕೆ ಇಳಿದಳೆಂದರೆ ಸಿಟ್ಟು ಬಂದಿದೆಯೆಂದೇ ಅರ್ಥ. ಇವತ್ತು ಇಳಿದಳು.

"ಆಡೂದೆಲ್ಲಾ ಇದರಾಗ ಬರೀರಿ. ಬಾಜೂ ಮನಿಯವರು ಟೀವಿ ಬಂದ್ ಮಾಡಿ ನಿಮ್ಮ ಭಾಷಣಾ ಕೇಳಾಕ ಹತ್ಯಾರ."

ಹಾಗಾದರೆ ಕೇಳಿ. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಹಿಂದಿಯ ಪೌರಾಣಿಕ ಸೀರಿಯಲ್ಲೊಂದನ್ನು ಕನ್ನಡಕ್ಕೆ ಡಬ್ ಮಾಡುತ್ತಾರೆ. ಅದರಲ್ಲಿ ಘೋರಾಕ್ಷನೆಂಬ ರಾಕ್ಷಸರಾಜನಿಗೆ ಸ್ವರ ನನ್ನದು. ಎಪ್ಪತ್ತು ಕಂತು ಮುಗಿದಿವೆ, ಹನ್ನೊಂದು ಉಳಿದಿವೆ. ಕೊನೆಯದರಲ್ಲಿ ಅವನ ವಧೆ. ತನ್ನ ಸಾವಿನ ದೃಶ್ಯವನ್ನು ಬೇರೆಯವನಿಗೆ ಬಿಟ್ಟುಕೊಟ್ಟ ರಾಕ್ಷಸನನ್ನು ನಾನು ಇದುವರೆಗೆ ಕಂಡಿಲ್ಲ.

ಗಾಜಿನ ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ನಿಂತರೆ, ಮಾತು ಶುರುವಾಗುವ ಮುನ್ನ ಮೂರು ಬೀಪು ಕೇಳಬೇಕು. ನಾಲ್ಕನೆಯದು ಬೀಳಬೇಕಾದ ಜಾಗದಲ್ಲಿ ನಾನು ಬಾಯಿ ತೆರೆಯಬೇಕು. ಆಗಲೇ ಪರದೆಯ ಮೇಲಿನ ತುಟಿಗೂ ನನ್ನ ಮಾತಿಗೂ ಹೊಂದಿಕೆ. ಕಂಪನಿಯಲ್ಲಿ ಮೂರು ಗಂಟೆ, ಇಲ್ಲಿ ಮೂರು ಬೀಪು. ಹಳೆಯ ಸ್ಟುಡಿಯೋದಲ್ಲಿ ದಪ್ಪ ಬೀಪು ಕೊಡುತ್ತಿದ್ದರು, ಗೂಟಕ್ಕೆ ಕೊಡತಿಯಿಂದ ಹೊಡೆದ ಹಾಗೆ. ಜನವರಿಯಲ್ಲಿ ಕೆಲಸ ಹೊಸ ಸ್ಟುಡಿಯೋಕ್ಕೆ ಬಂತು. ಅಲ್ಲಿ ಯಂತ್ರದ ಮುಂದೆ ಕೂರುವವಳು ಸ್ನೇಹಲ್ ಎಂಬ ಮರಾಠಿ ಹುಡುಗಿ. ಆಕೆ ಬೀಪನ್ನೇ ಕೊಡುವುದಿಲ್ಲ.

ಇವತ್ತು ಒಂದೇ ಮಾತಿಗೆ ಹತ್ತೊಂಬತ್ತು ಟೇಕು. ಕನ್ನಡದ ಕೆಲಸ ನೋಡಿಕೊಳ್ಳುವ ವಸಂತಿ, ಕುಂದಾಪುರದ ಮನೆತನದವಳು, ಪಕ್ಕದಲ್ಲೇ ನಿಂತು "ಬೀಪು ಉಂಟು ಮಾರಾಯ್ರೆ" ಅನ್ನುತ್ತಾಳೆ. ಎಲ್ಲಿ ಉಂಟು? ಹುಡುಗಿ ಗಾಜಿನಾಚೆಯಿಂದ ಎದ್ದು ಬಂದು ನನಗೇನೋ ಹೇಳಲು ನೋಡಿದಳು. ನಾನು ಅವಕಾಶ ಕೊಡಲಿಲ್ಲ. ನೇರವಾಗಿ ಮಾಲೀಕನ ಕೋಣೆಗೆ ನುಗ್ಗಿ, ಮೂರೂ ಲೋಕಕ್ಕೆ ಮುಟ್ಟುವಂತೆ ದೂರು ಕೊಟ್ಟೆ.

ಮಾಲೀಕ ಕಿವಿ ಮುಚ್ಚಿಕೊಂಡು ಕೇಳಿದ. ಆಮೇಲೆ ತೀರ್ಪು ಹೇಳಿದ. ಘೋರಾಕ್ಷನ ಉಳಿದ ಕಂತುಗಳನ್ನು ಇಪ್ಪತ್ನಾಲ್ಕನೇ ತಾರೀಖು ಶುರು ಮಾಡಲೇಬೇಕು. ಅಷ್ಟರಲ್ಲಿ ತಪ್ಪು ಯಾರದೆಂದು ಗೊತ್ತಾಗಬೇಕು. ಹುಡುಗಿಯದಾದರೆ ಅವಳು ಮನೆಗೆ. ಅಲ್ಲವಾದರೆ ಘೋರಾಕ್ಷನಿಗೆ ಬೇರೆ ಸ್ವರ.

ಆ ಹುಡುಗಿಗೂ ನನಗೂ ಯಾವ ಹಗೆ? ತಿಳಿಯುತ್ತಿಲ್ಲ.

ಫೆಬ್ರುವರಿ 6, ಗುರುವಾರ

ಸಭಿಕರೇ, ಈ ಊರಿನ ಜನಕ್ಕೆ ಏನಾಗಿದೆ? ಎಲ್ಲರೂ ಬಾಯೊಳಗೇ ಮಾತಾಡಲು ಕಲಿತಿದ್ದಾರೆ. ಮೆಟ್ರೋದ ಅನೌನ್ಸ್‌ಮೆಂಟು ಕಂಬಳಿಯೊಳಗಿಂದ ಬಂದ ಹಾಗಿದೆ. ಔಷಧಿ ಅಂಗಡಿಯವನು ತುಟಿ ಅಲ್ಲಾಡಿಸುತ್ತಾನೆ, ಅಷ್ಟೆ. ರಜಿಯಾ ಅಡಿಗೆಮನೆಯಿಂದ ಆಡಿದ ಮಾತಿನ ಮಾಂಸ ಬರುತ್ತದೆ, ಎಲುಬು ಬರುವುದಿಲ್ಲ. ಜೊತೆಗೆ ಅವಳೀಗ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡುತ್ತಾಳೆ. ಮೊದಲು ಬಳೆ ಸದ್ದಿನಿಂದಲೇ ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ಈಗ ಇದ್ದಕ್ಕಿದ್ದಂತೆ ಬೆನ್ನ ಹಿಂದೆ ನಿಂತಿರುತ್ತಾಳೆ, ನಾನು ಬೆಚ್ಚಿಬೀಳುತ್ತೇನೆ. ಬಳೆ ತೊಡುವುದನ್ನೇ ಬಿಟ್ಟಳೋ ಏನೋ. ನನ್ನ ಮೇಲೆ ಯಾತಕ್ಕೋ ಮುನಿಸಿರಬೇಕು. ಕೇಳುವುದು ಹೇಗೆ?

ನಿನ್ನೆ ಕುಕ್ಕರಿನ ಬೇಳೆ ಸೀದು ಕರಕಾಯಿತು. ಸೀಟಿ ಕೆಟ್ಟಿತ್ತು, ಕೂಗಲೇ ಇಲ್ಲ. ಹೊಸ ಸೀಟಿ ತಂದೆ. ರಜಿಯಾ ಅದನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ಕುಳಿತಳು, ಕನ್ನಡಕ್ಕೂ ಇಳಿಯಲಿಲ್ಲ.

ನಮ್ಮ ಮಾಸ್ತರರು ನನಗೆ ಕಲಿಸಿದ ಮೊದಲ ನಿಯಮ: ಕೊನೆಯ ಸಾಲಿಗೆ ಕೇಳಿಸಲಿಲ್ಲವೆಂದರೆ ತಪ್ಪು ಆಡಿದವನದು, ಕುಳಿತವನದು ಎಂದೂ ಅಲ್ಲ. ಎರಡನೆಯ ನಿಯಮ: ರಂಗದ ಮೇಲೆ ನಿಂತು ಪ್ರಾಂಪ್ಟರನಿಗೆ ಇನ್ನೊಮ್ಮೆ ಹೇಳೆನ್ನುವವನು ನಟನಲ್ಲ. ಮೈಕಿಲ್ಲದೆ ಎರಡು ಸಾವಿರ ಜನರಿಗೆ ಮುಟ್ಟಿಸಿದ್ದೇನೆ. ನನ್ನ ಪ್ರವೇಶಕ್ಕೆ ಪಕ್ಕದ ಪರದೆಯ ಹಿಂದೆ, ನನ್ನ ಬಲಗಿವಿಯಿಂದ ಎರಡು ಮೊಳ ದೂರದಲ್ಲಿ ಪಟಾಕಿ ಬಾಂಬು ಸಿಡಿಸುತ್ತಿದ್ದರು. ದಿನಕ್ಕೆ ಎರಡು ಆಟ, ಮೂವತ್ತು ವರ್ಷ. ಆ ಸದ್ದಿನ ಮೇಲೂ ನನ್ನ ನಗು ಕೇಳುತ್ತಿತ್ತು.

ಅಂಥವನಿಗೆ ಒಂದು ಬೀಪು ಮುಟ್ಟಿಸಲಾಗದ ಯಂತ್ರ ಯಾವ ಯಂತ್ರ?

ಫೆಬ್ರುವರಿ 7, ಶುಕ್ರವಾರ

ಭೀಮರಾಯನ ಅಂಗಡಿಗೆ ಹೋಗಿದ್ದೆ. ಸ್ಟೇಷನ್ನಿನ ಪೂರ್ವದ ಕಡೆ, ಮೆಟ್ಟಿಲ ಬುಡದಲ್ಲಿ ಕಪಾಟಿನಷ್ಟು ಜಾಗ. ಅಫಜಲಪುರದಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವನು, ಕಾಲು ಮುರಿದು ಕುಂತಲ್ಲೇ ರೇಡಿಯೋ, ಚಾರ್ಜರು ರಿಪೇರಿ ಕಲಿತ. ಇಪ್ಪತ್ತು ವರ್ಷದ ಸ್ನೇಹ.

ಅವನು ಹೊಸದೊಂದು ಹುಚ್ಚು ಹಚ್ಚಿಕೊಂಡಿದ್ದಾನೆ. ಬಿಸ್ಕೀಟಿನ ಡಬ್ಬಿಯೊಳಗೆ ಸರ್ಕಿಟ್ಟು, ಮುಚ್ಚಳದಲ್ಲಿ ತೂತು ಕೊರೆದು ಕೂರಿಸಿದ ಮೈಕು, ಪಕ್ಕದಲ್ಲೊಂದು ಸ್ಪೀಕರು, ಮುಂದೆ ತಿರುಗುವ ಗುಂಡಿ, ಗುಂಡಿಗೊಂದು ಮುಳ್ಳು. ಮುಳ್ಳಿನ ಸುತ್ತ ಪೆನ್ನಿನಲ್ಲಿ ಇಪ್ಪತ್ತರಿಂದ ಅರವತ್ತರವರೆಗೆ ಅಂಕಿ. ಬಾವಲಿ ಆಡುವ ಮಾತು ಕೇಳುವ ಪೆಟ್ಟಿಗೆಯಂತೆ. ಬಾವಲಿಯ ಕೂಗು ಸೆಕೆಂಡಿಗೆ ನಲವತ್ತೈದು ಸಾವಿರ ಸಲ ನಡುಗುತ್ತದೆ, ಅಷ್ಟು ಸಣ್ಣ, ಚೂಪು ಶಬ್ದ ಮನುಷ್ಯನ ಕಿವಿಗೆ ಹತ್ತುವುದಿಲ್ಲ ಎಂದ. ಹಾಗಾದರೆ ಪೆಟ್ಟಿಗೆ ಹೇಗೆ ಹತ್ತಿಸುತ್ತದೆ ಎಂದೆ.

"ಮಾಮಾ, ಬಾವಲಿ ಶಬ್ದಕ್ಕ ಪೆಟಗಿ ತಂದೂ ಒಂದು ಸಣ್ಣ ಶಬ್ದ ಕೂಡಸ್ತದ. ಎರಡೂ ನಿಮಗ ಕೇಳಂಗಿಲ್ಲ. ಎರಡರ ನಡಕಿನ ಅಂತರ ಏನದ, ಅಷ್ಟ ಕೇಳತದ."

ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಹಾರ್ಮೋನಿಯಂ ಮಾಸ್ತರರು ಒಂದೇ ಸ್ವರಕ್ಕೆ ಎರಡು ರೀಡು ಕೂರಿಸಿ, ಒಂದನ್ನು ಎಳ್ಳಷ್ಟು ಏರಿಸುತ್ತಿದ್ದರು. ಎರಡೂ ಒಟ್ಟಿಗೆ ನುಡಿದರೆ ನಡುವೆ ಮೂರನೆಯದೊಂದು ವುಂ, ವುಂ ಎಂದು ತೂಗುತ್ತಿತ್ತು. ಯಾವ ರೀಡೂ ಹಾಗೆ ತೂಗುವುದಿಲ್ಲ, ಅಂತರ ತೂಗುತ್ತದೆ. ಭೀಮರಾಯನಿಗೆ ಹೇಳಿದೆ. ಅವನು ಬಹಳ ಹೊತ್ತು ನಕ್ಕು, ಇದನ್ನು ನಾನು ಆರು ತಿಂಗಳು ವಿಡಿಯೋ ನೋಡಿ ಕಲಿತೆ ಎಂದ.

ಮೈಕು ಇನ್ನೂ ಸರಿಯಿಲ್ಲ. ನಾಳೆ ಗ್ರಾಂಟ್ ರೋಡಿಗೆ ಹೋಗಿ ತರಬೇಕು. ನಾನೂ ಬರುತ್ತೇನೆಂದೆ.

ಫೆಬ್ರುವರಿ 8, ಶನಿವಾರ

ಗ್ರಾಂಟ್ ರೋಡು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಡಬ್ಬಿ ಡಬ್ಬಿ ಸಾಮಾನು, ಸಾಸಿವೆಯಷ್ಟು, ಜೀರಿಗೆಯಷ್ಟು. ಭೀಮರಾಯ ಕುಂಟುತ್ತಾ ಏಳು ಅಂಗಡಿ ಹತ್ತಿಳಿದು ಮೈಕು ಆರಿಸಿದ. ಆಮೇಲೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತೆವು. ಅಲ್ಲಿನ ಗದ್ದಲವೋ ಗದ್ದಲ. ಭೀಮರಾಯ ಏನೇನೋ ಹೇಳಿದ, ನಾನು ಹೂಂಗುಟ್ಟಿದೆ. ನಡುವೆ ಅವನು ಮಾತು ನಿಲ್ಲಿಸಿ, ಹೂಂ ಅಂದಿರಲ್ಲ, ನಾನೇನು ಕೇಳಿದೆ ಹೇಳಿ ಎಂದ. ಇದನ್ನು ಮಾತ್ರ ಜೋರಾಗಿ ಕೇಳಿದ. ಗದ್ದಲದಲ್ಲಿ ಯಾರಿಗೆ ತಾನೇ ಕೇಳುತ್ತದೆ?

ಅವನು ಬಿಲ್ಲಿನ ಹಿಂದೆ, ಸಾವಿರದ ಲೆಕ್ಕದಲ್ಲಿ, ಶಬ್ದಗಳ ಒಂದು ಏಣಿ ಬರೆದು ತೋರಿಸಿದ. ಬುಡದಲ್ಲಿ ನನ್ನ ಗರ್ಜನೆ, ಅದರ ಮೇಲೆ ಮಾತು, ಆರು ಏಳರ ಹತ್ತಿರ ಮಾತಿನ ಚೂಪು, ಬಳೆ, ಹಕ್ಕಿ. ಹದಿನೈದರ ತನಕ ಮನುಷ್ಯರ ಕಿವಿ. ತುದಿಯಲ್ಲಿ, ನಲವತ್ತೈದರಲ್ಲಿ ಬಾವಲಿ. ಚೀಟಿಯನ್ನು ಈ ಪುಟಕ್ಕೆ ಅಂಟಿಸಿದ್ದೇನೆ.

ಹೋಟೆಲಿನಿಂದ ಹೊರಟವನು ಮತ್ತೆ ಅಂಗಡಿಗೆ ತಿರುಗಿದ. ಇನ್ನೊಂದು ಸಾಮಾನು ಬೇಕು, ಮುಳ್ಳು ಇಪ್ಪತ್ತಕ್ಕೆ ನಿಲ್ಲಬಾರದು, ಐದರ ತನಕ ಇಳಿಯಬೇಕು ಎಂದ. ಬಾವಲಿ ಮೇಲಿರುವಾಗ ಕೆಳಗೆ ಯಾರನ್ನು ಹುಡುಕುತ್ತೀಯೋ ಎಂದೆ.

"ಹಂಗ ಸುಮ್ಮ, ಮಾಮಾ. ಇರಲಿ."

ಫೆಬ್ರುವರಿ 11, ಮಂಗಳವಾರ

ಸಭಿಕರೇ, ಎದ್ದು ನಿಲ್ಲಿ. ಇವತ್ತು ನಾನು ಬಾವಲಿಯ ಮಾತು ಕೇಳಿದೆ.

ಸಂಜೆ ದೀಪ ಹತ್ತುವ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಟೆರೇಸಿಗೆ ಹತ್ತಿದೆವು. ನಾಲೆಯ ಕಡೆಯ ಕಂಬದ ಸುತ್ತ ಹೆಬ್ಬೆಟ್ಟಿನಷ್ಟು ಬಾವಲಿಗಳು ಸುಯ್ಯನೆ ಸುತ್ತುತ್ತಿದ್ದವು. ಭೀಮರಾಯ ಮುಳ್ಳನ್ನು ನಲವತ್ತೈದಕ್ಕೆ ಇಟ್ಟ. ಕೂಡಲೇ ಪೆಟ್ಟಿಗೆಯಲ್ಲಿ ಟಕ್, ಟಕ್, ಟಕ್, ಹಲಗೆಯ ಮೇಲೆ ಬೆರಳಿಂದ ಬಡಿದ ಹಾಗೆ. ಒಂದು ಬಾವಲಿ ಹುಳುವಿನ ಹತ್ತಿರ ಹೋದಂತೆ ತಾಳ ಏರಿತು, ಏರಿತು, ಕೊನೆಗೆ ಪುರ್ರನೆ ಒಂದೇ ಉರುಳು. ಹುಳು ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಈ ಮಹಾ ಕಚೇರಿ ನಮ್ಮ ತಲೆಯ ಮೇಲೆ ಇಷ್ಟು ವರ್ಷ ನಡೆಯುತ್ತಿತ್ತು!

ಅದು ಕೂಗುವುದು ಯಾರನ್ನೂ ಕರೆಯಲಿಕ್ಕಲ್ಲ, ಗೋಡೆಗೆ ಬಡಿದು ತಿರುಗಿ ಬಂದ ತನ್ನ ಕೂಗನ್ನೇ ಕೇಳಿ ದಾರಿ ಹಿಡಿಯುತ್ತದೆ ಎಂದು ಭೀಮರಾಯ ಹೇಳಿದ. ತಾನೇ ಕೂಗಿ ತಾನೇ ಕೇಳುವ ಪ್ರಾಣಿ. ಇದು ನಮ್ಮ ನಟರ ಜಾತಿಯದು ಎಂದೆ.

ಆಗ ನನಗೆ ಮಿಂಚಿತು. ಕೇಳದ ಶಬ್ದವನ್ನು ಈ ಪೆಟ್ಟಿಗೆ ಕೇಳಿಸುವುದಾದರೆ, ಇದೇ ನನ್ನ ಸಾಕ್ಷಿ. ಹೆಡ್‌ಫೋನಿನ ಮುಂದೆ ಹಿಡಿಯುತ್ತೇನೆ. ಬೀಪು ಇಲ್ಲವಾದರೆ ಪೆಟ್ಟಿಗೆಯೂ ಮೌನ. ಹುಡುಗಿಯ ಬಣ್ಣ ಬಯಲು.

ಭೀಮರಾಯನಿಗೆ ಇದು ಸೇರಲಿಲ್ಲ. "ಸ್ಟುಡಿಯೋಕ್ಕ ಒಯ್ಯಬ್ಯಾಡ್ರಿ ಮಾಮಾ. ಮದಲ ಮನ್ಯಾಗ ಇಟ್ಟು ನೋಡ್ರಿ. ಮುಳ್ಳು ಪೂರಾ ಕೆಳಗ ಇಳಿಸಿ." ಪೆಟ್ಟಿಗೆ ಕೆಟ್ಟೀತೆಂದು ಹೆದರಿರಬೇಕು. ಮಗುವಿನ ಹಾಗೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ತಂದೆ.

ಫೆಬ್ರುವರಿ 14, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಘಾಟ್‌ಕೋಪರಿನಿಂದ ಮೆಟ್ರೋ ಹಿಡಿದು ಅಂಧೇರಿಗೆ ಹೋದೆ. ಸಭೆ ನೆರೆದಿತ್ತು, ನಾನೇ ನೆರೆಸಿದ್ದೆ. ಮಾಲೀಕ, ವಸಂತಿ, ಸ್ನೇಹಲ್. ಪೆಟ್ಟಿಗೆಯನ್ನು ಕರವಸ್ತ್ರದಿಂದ ಮುಚ್ಚಿ ಒಯ್ದಿದ್ದೆ. ಸರಿಯಾದ ಹೊತ್ತಿಗೆ ಸರ್ರನೆ ತೆಗೆದೆ. ಪೀಠಿಕೆಯೂ ಚೆನ್ನಾಗಿ ಬಂತು: ಇದು ಬಾವಲಿಯ ಗುಟ್ಟನ್ನೇ ಹೊರಗೆಳೆದ ಪೆಟ್ಟಿಗೆ, ಇದರ ಮುಂದೆ ಸುಳ್ಳು ನಿಲ್ಲದು.

ಬೀಪು ಕೊಡು ಎಂದೆ. ಸ್ನೇಹಲ್ ಗುಂಡಿ ಒತ್ತಿದಳು. ಹೆಡ್‌ಫೋನಿನ ಬಾಯಿಗೆ ಮೈಕು ಹಿಡಿದೆ. ಮುಳ್ಳು ನಲವತ್ತೈದರಲ್ಲಿ, ಮೌನ. ನೋಡಿ ಎಂದೆ. ನ್ಯಾಯ ಪೂರ್ತಿಯಾಗಲೆಂದು ಮುಳ್ಳನ್ನು ಇಳಿಸುತ್ತಾ ಹೋದೆ. ಮೂವತ್ತು, ಇಪ್ಪತ್ತು, ಹತ್ತು. ಮೌನ, ಮೌನ, ಮೌನ. ಆರಕ್ಕೆ ಬಂದಾಗ ಪೆಟ್ಟಿಗೆ ಒಮ್ಮೆಲೇ ಟುಂಯ್, ಟುಂಯ್, ಟುಂಯ್ ಎಂದು ಕೂಗಿತು.

ಒಂದು ಕ್ಷಣ ನಾನೇ ದಂಗಾದೆ. ಬೀಪು ಇತ್ತು. ಆದರೆ ನಟ ತಪ್ಪಿದ ಮಾತನ್ನು ಅಲ್ಲೇ ಹೊಲಿದುಕೊಳ್ಳಬೇಕು. ಬಾವಲಿ ಪೆಟ್ಟಿಗೆ ಹಿಡಿಯಬೇಕಾದಷ್ಟು ಸಣ್ಣ ಶಬ್ದದಲ್ಲಿ ಬೀಪು ಕೊಟ್ಟರೆ ಮನುಷ್ಯ ಹೇಗೆ ಕೇಳಬೇಕು ಎಂದು ಮಾಲೀಕನ ಕಡೆ ತಿರುಗಿ ಗುಡುಗಿದೆ.

ವಸಂತಿ ನೆಲ ನೋಡಿದಳು. ಸ್ನೇಹಲ್ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದು, ಮಾಲೀಕನಿರುವುದನ್ನು ಕಂಡು ಮುಚ್ಚಿದಳು. ಆಮೇಲೆ ನನ್ನ ಎದುರಿಗೇ ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ, "ಅಂಕಲ್, ಡಯಲ್ ದೇಖಿಯೇ" ಎಂದಳು.

ನೋಡಿದೆ. ಮುಳ್ಳು ಆರರ ಮೇಲಿತ್ತು. ಅದರಲ್ಲಿ ನೋಡುವುದೇನಿದೆ?

ಮಾಲೀಕನಿಗೆ ಫೋನು ಬಂದಿತ್ತು. ಬೀಪಿನಲ್ಲಿ ಏನೋ ದೋಷವಿದೆಯಷ್ಟೆ ತಾನೇ ಎಂದು ಕೈ ಬೀಸಿ, ಹುಡುಗಿ ಇಪ್ಪತ್ನಾಲ್ಕರವರೆಗೆ ಬರುವುದು ಬೇಡ, ಆ ದಿನ ನೋಡೋಣ, ಅಲ್ಲಿಯವರೆಗೆ ಬೇರೊಬ್ಬ ಕೂರಲಿ ಎಂದ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೋದಳು. ಬಾಗಿಲಲ್ಲಿ ನನಗೆ ಕೈ ಮುಗಿದಳು.

ಫೆಬ್ರುವರಿ 15, ಶನಿವಾರ

ಗೆದ್ದೆ.

ರಜಿಯಾಳಿಗೆ ಇಡೀ ದೃಶ್ಯವನ್ನು ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ. ಆ ಹುಡುಗಿಯ ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಎಂದು ಕೇಳಿದಳು. ನನಗೆ ಗೊತ್ತಿಲ್ಲ.

ಅವಳೇಕೆ ಕೈ ಮುಗಿದಳು?

ಫೆಬ್ರುವರಿ 17, ಸೋಮವಾರ

ಹೊಸ ರೆಕಾರ್ಡಿಸ್ಟ್ ಬಂದಿದ್ದಾನೆ. ಹಳೆಯ ಕಂತಿನಲ್ಲಿ ಬಾಕಿಯಿದ್ದ ಒಂದು ಚಿಕ್ಕ ದೃಶ್ಯ, ನಾಲ್ಕೇ ಮಾತು. ಇವನೂ ಬೀಪು ಕೊಡುವುದಿಲ್ಲ.

ಒಂಬತ್ತು ಟೇಕು ಹೋದವು. ಬೀಪು ಕೊಡಪ್ಪಾ ಎಂದು ಕೂಗಲು ಬಾಯಿ ತೆರೆದವನು ಯಾಕೋ ಸುಮ್ಮನಾದೆ. ಇಬ್ಬರಿಗೂ ನನ್ನ ಮೇಲೆ ಒಂದೇ ಹಗೆ ಇರಲು ಸಾಧ್ಯವೆ? ಇವನಂತೂ ಬಿಹಾರದವನು, ಬೆಳಿಗ್ಗೆ ಚಹಾ ತಂದುಕೊಟ್ಟಿದ್ದ.

ಹತ್ತನೆಯ ಟೇಕಿಗೆ ವಸಂತಿ ಕೋಣೆಯೊಳಗೆ ಬಂದು, ಇನ್ನೊಂದು ಹೆಡ್‌ಫೋನು ಹಾಕಿಕೊಂಡು ನನ್ನ ಎದುರು ನಿಂತಳು. ಕೈ ಎತ್ತಿ ಗಾಳಿಯಲ್ಲಿ ಮೂರು ಸಲ ಕಡಿದಳು, ನಾಲ್ಕನೆಯ ಸಲ ನನ್ನ ಕಡೆ ಬೆರಳು ತೋರಿಸಿದಳು. ಮಾತು ತುಟಿಗೆ ಹೊಲಿದ ಹಾಗೆ ಕೂತಿತು. ನಾಲ್ಕೂ ಮಾತು ಒಂದೇ ಟೇಕಿನಲ್ಲಿ.

ಅವಳಿಗೆ ಬೀಪು ಹೇಗೆ ಕೇಳಿಸಿತು? ಅವಳ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.

ಫೆಬ್ರುವರಿ 18, ಮಂಗಳವಾರ

ಎಂಟನೇ ತಾರೀಖಿನ ಪುಟ ತೆರೆದು, ಚೀಟಿಯ ಏಣಿಯಲ್ಲಿ ಆರು ಎಲ್ಲಿದೆಯೆಂದು ನೋಡಿದೆ. ಮುಚ್ಚಿದೆ.

ಫೆಬ್ರುವರಿ 20, ಗುರುವಾರ

ಬೆಳಿಗ್ಗೆ ಹತ್ತು ಗಂಟೆ. ರಜಿಯಾ ರೊಟ್ಟಿ ಬಡಿಯುತ್ತಿದ್ದಳು. ನಾನು ಪೆಟ್ಟಿಗೆಯನ್ನು ಭೀಮರಾಯನಿಗೆ ಮರಳಿಸಬೇಕೆಂದು ಒರೆಸಲು ತೆಗೆದುಕೊಂಡೆ. ಸ್ವಿಚ್ಚಿಗೆ ಕೈ ತಾಗಿತು. ಮುಳ್ಳು ಅಂದಿನಿಂದ ಆರರ ಮೇಲೆಯೇ ಇತ್ತು.

ಪೆಟ್ಟಿಗೆಯಲ್ಲಿ ಛುಳ್ ಛುಳ್ ಎಂದಿತು. ನಿಂತಿತು. ಮತ್ತೆ ಛುಳ್ ಛುಳ್ ಛುಳ್. ಹಗಲು ಹೊತ್ತಿನಲ್ಲಿ ಮನೆಯೊಳಗೆ ಬಾವಲಿ ಬಂತೇ ಎಂದು ತಲೆ ಎತ್ತಿ ಹುಡುಕಿದೆ. ಪೆಟ್ಟಿಗೆ ಹಿಡಿದು ಕಿಟಕಿಗೆ ಹೋದೆ, ಸದ್ದು ಕಡಿಮೆಯಾಯಿತು. ಬಾಗಿಲಿಗೆ ಹೋದೆ, ಇನ್ನೂ ಕಡಿಮೆ. ಅಡಿಗೆಮನೆಗೆ ಬಂದೆ. ಜೋರಾಯಿತು. ರಜಿಯಾ ರೊಟ್ಟಿ ತಿರುವಿದಾಗಲೆಲ್ಲ ಪೆಟ್ಟಿಗೆ ನುಡಿಯುತ್ತಿತ್ತು, ಅವಳು ಕೈ ನಿಲ್ಲಿಸಿದರೆ ನಿಲ್ಲುತ್ತಿತ್ತು.

ಅವಳ ಕೈ ನೋಡಿದೆ. ಎರಡೂ ಕೈತುಂಬ ಹಸಿರು ಗಾಜಿನ ಬಳೆ.

ಇವನ್ನು ಯಾವಾಗ ತೊಟ್ಟೆ ಎಂದು ಕೇಳಿದೆ. ಬಿಟ್ಟಿದ್ದು ಯಾವಾಗ ಎಂದು ಅವಳು ಕೇಳಿದಳು.

ಪೆಟ್ಟಿಗೆಯನ್ನು ಕುಕ್ಕರಿನ ಪಕ್ಕದಲ್ಲಿಟ್ಟು ನೆಲದ ಮೇಲೆ ಕುಳಿತೆ. ಹಬೆ ಕಾಣಿಸಿತು, ಪೆಟ್ಟಿಗೆ ಕಿರುಚಿತು. ರಜಿಯಾ ಹಳೆಯ ಸೀಟಿಯನ್ನು ಡಬ್ಬಿಯಿಂದ ತೆಗೆದು ಹಾಕಿ ತೋರಿಸಿದಳು. ಅದಕ್ಕೂ ಹಾಗೆಯೇ ಕಿರುಚಿತು. ಕೆಟ್ಟಿರಲಿಲ್ಲ.

ನಿನಗೆ ಎಂದಿನಿಂದ ಗೊತ್ತು ಎಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಗಲ್ಲ ಹಿಡಿದು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಸಿಟ್ಟು ಇರಲಿಲ್ಲ, ಆದರೂ ಕನ್ನಡದಲ್ಲೇ ಹೇಳಿದಳು.

"ಹ್ವಾದ ಬಕ್ರೀದಿಗಿಂತ ಮದಲ ಗೊತ್ತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಮೂರು ಸಲ ಹೇಳೇನಿ. ನಿಮಗ ಕೇಳಸಲಿಲ್ಲ."

ಫೆಬ್ರುವರಿ 21, ಶುಕ್ರವಾರ

ಭೀಮರಾಯನ ಅಂಗಡಿಯಲ್ಲಿ ಕುಳಿತಿದ್ದೆ. ಅವನು ಒಂದೊಂದೇ ಶಬ್ದ ಹುಟ್ಟಿಸಿ, ಕೇಳಿತೇ ಎಂದು ಬೆರಳೆತ್ತಿ ಕೇಳಿದ. ದಪ್ಪ ಶಬ್ದಗಳೆಲ್ಲ ಕೇಳಿದವು. ಮೂರಕ್ಕೆ ಬಂದಾಗ ಮಸುಕಾಯಿತು, ನಾಲ್ಕರಾಚೆ ಏನೂ ಇಲ್ಲ. ಬಲಗಿವಿಯಲ್ಲಿ ಅದಕ್ಕೂ ಮೊದಲೇ ಮುಗಿಯಿತು. ಪಟಾಕಿಯ ಕಡೆಯ ಕಿವಿ.

ಉಡುಪಿ ಹೋಟೆಲಿನಲ್ಲೇ ಗೊತ್ತಾಗಿತ್ತು ಎಂದ. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಮುಳ್ಳನ್ನು ಐದಕ್ಕೆ ಇಳಿಸಿದೆ, ನೀವೇ ಕಂಡುಕೊಳ್ಳುತ್ತೀರಿ ಎಂದುಕೊಂಡೆ ಎಂದ. ನನ್ನನ್ನು ಎಲ್ಲರೂ ಬಲ್ಲರು, ಹೇಳಲು ಹೆದರುತ್ತಾರೆ. ಇಷ್ಟು ದಿನ ಅದನ್ನು ಗೌರವ ಎಂದುಕೊಂಡಿದ್ದೆ.

ಪೆಟ್ಟಿಗೆಯನ್ನು ಕಿವಿಗೆ ಕಟ್ಟಿಕೊಂಡು ತಿರುಗಬಹುದೇ ಎಂದು ಕೇಳಿದೆ. ಅದು ಬಾವಲಿಗೆ ಸಾಕು, ಮಾತನ್ನೆಲ್ಲ ಟುಂಯ್ ಮಾಡುತ್ತದೆ, ಡಾಕ್ಟರ ಹತ್ತಿರ ಹೋಗಿ ಎಂದ. ರಂಜಾನ್ ಶುರುವಾಗುವ ಮುಂಚೆ ಹೋಗಬೇಕು.

ಫೆಬ್ರುವರಿ 22, ಶನಿವಾರ

ವಸಂತಿಯನ್ನು ಅಂಧೇರಿ ಸ್ಟೇಷನ್ ಹೊರಗಿನ ಚಹಾದಂಗಡಿಗೆ ಬರಹೇಳಿದೆ. ಗೋಡೆಗೆ ಬೆನ್ನು ಕೊಟ್ಟು, ಎಡಗಿವಿ ಅವಳ ಕಡೆಗೆ ಬರುವ ಹಾಗೆ ಕೂತೆ. ಹೀಗೆ ಕೂತರೆ ಪರವಾಗಿಲ್ಲ.

ಹೊಸ ಸ್ಟುಡಿಯೋದಲ್ಲಿ ಬೀಪು ಸಣ್ಣಗಿರುವುದು ನನ್ನಿಂದಾಗಿಯೇ ಅಂತೆ. ನನ್ನ ಗರ್ಜನೆಯ ಕೆಳಗೆ ಮುಂದಿನ ಮಾತಿನ ದಪ್ಪ ಬೀಪು ಮುಳುಗಿಹೋಗುತ್ತದೆ, ಚೂಪಾಗಿದ್ದರೆ ಅಂಕಲ್‌ಗೆ ಸ್ಪಷ್ಟ ಕೇಳುತ್ತದೆ ಎಂದು ಸ್ನೇಹಲ್ ಜನವರಿಯಲ್ಲಿ ತಾನಾಗಿ ಏರಿಸಿದ್ದಳು. ಮೂರನೇ ತಾರೀಖು, ಹತ್ತೊಂಬತ್ತು ಟೇಕಿನ ದಿನ, ಅವಳಿಗೆ ಅನುಮಾನ ಬಂತು. ಬೇಕಾದರೆ ಮತ್ತೆ ದಪ್ಪ ಮಾಡುತ್ತೇನೆ ಎಂದು ಹೇಳಲು ಎದ್ದು ಬಂದದ್ದು ಅಂದೇ.

"ನೀವು ಬಿಡಲಿಲ್ಲ" ಎಂದಳು ವಸಂತಿ. "ಹದಿನಾಲ್ಕಕ್ಕೆ ಪೆಟ್ಟಿಗೆ ತಂದಾಗ ನನಗೂ ಸ್ನೇಹಲ್‌ಗೂ ಆ ಬೀಪು ಬರೀ ಕಿವಿಗೇ ಕೇಳ್ತಿತ್ತು ಮಾರಾಯ್ರೆ, ಮಾಲೀಕರ ಗಮನ ಫೋನಿನ ಮೇಲಿತ್ತು. ನಾನೂ ಬಾಯಿ ಬಿಡಲಿಲ್ಲ. ಘೋರಾಕ್ಷನ ಬಾಯಿಗೆ ಬೇರೆ ಸ್ವರ ಹಾಕ್ಲಿಕ್ಕೆ ಮನಸ್ಸು ಬರಲಿಲ್ಲ. ಅದು ನನ್ನ ತಪ್ಪು."

ಹುಡುಗಿ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅವಳ ಕೆಲಸವಲ್ಲವೇ ಹೋದದ್ದು? ಒಂದು ಮಾತು ಸಾಕಿತ್ತು.

"ನಂಗೆ ಗೊತ್ತಿಲ್ಲ. ನೀವೇ ಕೇಳಿ. ಇದುವರೆಗೆ ನೀವು ಅವಳನ್ನು ಏನಾದ್ರೂ ಕೇಳಿದ್ದುಂಟಾ?"

ಇಲ್ಲ.

ಫೆಬ್ರುವರಿ 23, ಭಾನುವಾರ

ನಾಳೆ ಇಪ್ಪತ್ನಾಲ್ಕು. ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ. ವಸಂತಿ ಎದುರು ನಿಂತು ಕೈ ಬೀಸುತ್ತಾಳೆ, ಹನ್ನೊಂದು ಕಂತು ಮುಗಿಯುತ್ತವೆ, ಘೋರಾಕ್ಷ ನನ್ನ ಸ್ವರದಲ್ಲೇ ಸಾಯುತ್ತಾನೆ. ಇದು ನನಗೆ ಮೊನ್ನೆಯೇ ಹೊಳೆದಿತ್ತು. ಬರೆದಿರಲಿಲ್ಲ.

ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಒಂದು ಮಾತು ಅಭ್ಯಾಸ ಮಾಡಿದೆ. "ನನಗೆ ಕೇಳಿಸುವುದಿಲ್ಲ." ಎರಡೇ ಪದ. ರಾಕ್ಷಸನಂತೆ ಹೇಳಿದರೆ ಅದು ದೂರು ಆಗುತ್ತದೆ, ರಾಜನಂತೆ ಹೇಳಿದರೆ ಅಪ್ಪಣೆಯಾಗುತ್ತದೆ. ಎಷ್ಟು ಸಲ ಹೇಳಿದರೂ ಎಲ್ಲೋ ಕೊನೆಯ ಸಾಲಿಗೆ ಹೇಳಿದ ಹಾಗೆಯೇ ಬರುತ್ತಿತ್ತು. ಈ ಮಾತು ಮುಂದಿನ ಸಾಲಿಗಷ್ಟೇ ಸೇರಿದ್ದು.

ಸಂಜೆ ರಜಿಯಾ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಹೇಳಿ ನೋಡಿದೆ. ಅವಳು ಮಡಚುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ಏನಂದ್ರಿ? ಇನ್ನೊಮ್ಮೆ ಹೇಳ್ರಿ, ಕೇಳಸಲಿಲ್ಲ."

ಇನ್ನೊಮ್ಮೆ ಹೇಳಿದೆ. ಅವಳು ನನ್ನ ಬಿಳಿ ಅಂಗಿಯನ್ನು ನಾಳೆಗೆಂದು ಬೇರೆ ತೆಗೆದಿಟ್ಟಳು.

ವಸಂತಿಗೆ ಫೋನು ಮಾಡಿಸಿದ್ದೇನೆ, ಸ್ನೇಹಲ್ ಬರುತ್ತಾಳೆ. ನಾಳೆ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ಘಾಟ್‌ಕೋಪರಿನವರೆಗೆ ಲೋಕಲ್, ಅಲ್ಲಿಂದ ಮೆಟ್ರೋ ಹಿಡಿದು ಅಂಧೇರಿಗೆ ಹೋಗುತ್ತೇನೆ. ಪೆಟ್ಟಿಗೆ ಒಯ್ಯುವುದಿಲ್ಲ. ಮಾಲೀಕನ ಮುಂದೆ ಆ ಎರಡು ಪದ ಹೇಳುತ್ತೇನೆ. ಅವನು ಘೋರಾಕ್ಷನನ್ನು ಬೇರೆಯವನಿಗೆ ಕೊಟ್ಟರೆ ಕೊಡಲಿ. ಆಮೇಲೆ ಸ್ನೇಹಲ್ ಎದುರು, ಎಡಗಿವಿ ಅವಳ ಕಡೆಗಾಗುವಂತೆ ಕೂತು, ಮೂರನೇ ತಾರೀಖು ನನಗೇನು ಹೇಳಲು ಬಂದಿದ್ದೆ ಮಗಳೇ ಎಂದು ಕೇಳುತ್ತೇನೆ. ಅವಳು ಹೇಳಿದ್ದು ಕೇಳಿಸದಿದ್ದರೆ ಇನ್ನೊಮ್ಮೆ ಹೇಳು ಎನ್ನುತ್ತೇನೆ.